ನೆರೆನಾಡುಗಳ ಸಾಮರಸ್ಯವೂ ಸಮೂಹ ಮಾಧ್ಯಮಗಳ ಹೊಣೆಯೂ

ಮನುಷ್ಯನು ತನ್ನ ಗೆಳೆಯರನ್ನು ಆರಿಸಿಕೊಳ್ಳಬಲ್ಲನು, ನೆರೆಯವರನ್ನು ಆರಿಸಿಕೊಳ್ಳಲಾರನು. ನಮ್ಮ ಹೊಲದ ಬದು ಎಲ್ಲಿ ಮುಗಿಯುವುದೋ ಅಲ್ಲಿಂದಲೇ ಇನ್ನೊಬ್ಬನ ಹೊಲ ಆರಂಭವಾಗುವುದು. ಆ ಹೊಲದವನು ಸಜ್ಜನನಿರಲಿ, ಮುಂಗೋಪಿಯಿರಲಿ, ನಮ್ಮ ನುಡಿಯವನಿರಲಿ, ಅನ್ಯ ನುಡಿಯವನಿರಲಿ, ಅವನೊಡನೆ ಬಾಳುವೆ ಮಾಡುವುದು ಅನಿವಾರ್ಯ. ಬದುವಿನ ಮೇಲಿನ ಮರದ ನೆರಳು ಇಬ್ಬರ ಪೈರಿನ ಮೇಲೂ ಬೀಳುತ್ತದೆ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುತ್ತದೆ. ವ್ಯಕ್ತಿಗಳಿಗೆ ಸಲ್ಲುವ ಈ ಮಾತು ರಾಜ್ಯಗಳಿಗೂ ರಾಷ್ಟ್ರಗಳಿಗೂ ಸಲ್ಲುತ್ತದೆ. ಭೂಪಟದಲ್ಲಿ ಯಾವ ದೇಶವೂ ತನ್ನ ಸ್ಥಾನವನ್ನು ಬದಲಿಸಿಕೊಳ್ಳಲಾರದು.

ಆದರೆ ಹೊಲದ ನೆರೆಗೂ ರಾಷ್ಟ್ರದ ನೆರೆಗೂ ಒಂದು ಮಹತ್ತ್ವದ ವ್ಯತ್ಯಾಸವುಂಟು. ಪಕ್ಕದ ಹೊಲದವನನ್ನು ನಾವು ದಿನವೂ ಕಣ್ಣಾರೆ ಕಾಣುತ್ತೇವೆ. ಅವನ ಎತ್ತು ಸತ್ತರೆ ನಮಗೆ ತಿಳಿಯುತ್ತದೆ. ಅವನ ಮಗಳ ಮದುವೆಗೆ ನಾವು ಹೋಗುತ್ತೇವೆ. ನೆರೆಯ ರಾಜ್ಯದ, ನೆರೆಯ ದೇಶದ ಮನುಷ್ಯನನ್ನು ನಮ್ಮಲ್ಲಿ ಬಹುಪಾಲು ಜನ ಆಜನ್ಮ ಕಾಣುವುದಿಲ್ಲ. ಅವನು ನಮಗೆ ಗೊತ್ತಾಗುವುದು ಪತ್ರಿಕೆಯ ಪುಟದಿಂದ, ಆಕಾಶವಾಣಿಯ ಧ್ವನಿಯಿಂದ, ದೂರದರ್ಶನದ ಪರದೆಯಿಂದ, ಈಗಂತೂ ಅಂಗೈಯಲ್ಲಿರುವ ಮೊಬೈಲಿನಿಂದ. ಅಂದಮೇಲೆ ಅವನ ಬಗೆಗೆ ನಮ್ಮ ಮನಸ್ಸಿನಲ್ಲಿ ನೆಲೆಸಿರುವ ಚಿತ್ರವು ಬೇರೆ ಯಾರೋ ಬರೆದುಕೊಟ್ಟ ಚಿತ್ರ. ಆ ಚಿತ್ರವನ್ನು ಬರೆಯುವವನ ಧರ್ಮವೇನು? ಅದನ್ನು ಒಪ್ಪಿಕೊಳ್ಳುವ ನಮ್ಮ ಧರ್ಮವೇನು? ಈ ಎರಡು ಪ್ರಶ್ನೆಗಳನ್ನು ಸಹೃದಯ ವಾಚಕರ ಮುಂದಿರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಷ್ಟು ದೊಡ್ಡ ವಿಷಯಕ್ಕೂ ಹಾಸನ ಸೀಮೆಯ ನಮ್ಮ ಹಳ್ಳಿಗಳಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವು ತಾವೆಣಿಸಿದ್ದಕ್ಕಿಂತ ಹತ್ತಿರದ್ದು. ಬೂವನಹಳ್ಳಿಯಂತಹ ಊರಿನಿಂದ ಪೇಟೆಯ ಕೆಲಸಕ್ಕೆಂದು ಹಾಸನಕ್ಕೆ ಬರುವವರು ಅಲ್ಲಿಯ ಬೃಹದಾಕಾರದ ಬಟ್ಟಲುಗಳಂತಹ ಆಂಟೆನಾಗಳನ್ನು ನೋಡಿರುತ್ತಾರೆ. ಅವು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರಕ್ಕೆ ಸೇರಿದವು. 1982ರಲ್ಲಿ ಇನ್‌ಸ್ಯಾಟ್ ಉಪಗ್ರಹಗಳ ಆರಂಭದೊಡನೆ ಕಾರ್ಯಾರಂಭ ಮಾಡಿದ ಈ ಕೇಂದ್ರವು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿ, ಅವು ತಮ್ಮ ಸ್ಥಾನದಿಂದ ಕದಲದಂತೆ ಹಗಲಿರುಳು ಕಾಯುತ್ತದೆ. ದೇಶದ ಮೂಲೆ ಮೂಲೆಗೆ ದೂರದರ್ಶನವು ಹಬ್ಬಲು ಕಾರಣವಾದ ಉಪಗ್ರಹಗಳ ಲಗಾಮು ಹಾಸನದಲ್ಲಿತ್ತು ಎಂಬುದು ನಮ್ಮ ಜಿಲ್ಲೆಗೆ ಹೆಮ್ಮೆಯ ಸಂಗತಿ.

2017ರ ಮೇ 5ರಂದು ಶ್ರೀಹರಿಕೋಟೆಯಿಂದ ಇನ್ನೊಂದು ಉಪಗ್ರಹವು ಮೇಲೇರಿತು. ಜಿಸ್ಯಾಟ್-9 ಎಂಬುದು ಅದರ ಹೆಸರು. ದಕ್ಷಿಣ ಏಷ್ಯಾ ಉಪಗ್ರಹವೆಂದೇ ಅದು ಪ್ರಸಿದ್ಧ. ಉಡಾವಣೆಯ ಬಳಿಕ ಅದರ ನಿಯಂತ್ರಣವನ್ನು ಕೈಗೆತ್ತಿಕೊಂಡದ್ದೂ ಹಾಸನದ ಈ ಕೇಂದ್ರವೇ. ಸುಮಾರು 2,230 ಕಿಲೋಗ್ರಾಂ ತೂಕದ, 12 ಟ್ರಾನ್ಸ್‌ಪಾಂಡರುಗಳನ್ನು ಹೊತ್ತ ಆ ಉಪಗ್ರಹವನ್ನು ಭಾರತವು ತನ್ನ ನೆರೆಯ ದೇಶಗಳಿಗೆ ಕೊಡುಗೆಯಾಗಿ ನೀಡಿತು. ದೂರದರ್ಶನ ಪ್ರಸಾರ, ದೂರಶಿಕ್ಷಣ, ದೂರವೈದ್ಯ, ಪ್ರಕೃತಿ ವಿಕೋಪದ ಸಮಯದಲ್ಲಿ ಪರಸ್ಪರ ಸಂಪರ್ಕ, ಇವೆಲ್ಲ ಅದರ ಉದ್ದೇಶಗಳು. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಭೂತಾನ, ಮಾಲ್ಡೀವ್ಸ್, ನೇಪಾಳ, ಶ್ರೀಲಂಕಾ ದೇಶಗಳ ನಾಯಕರು ಅಂದು ಪರದೆಯ ಮೂಲಕ ಒಟ್ಟುಗೂಡಿ ಅದನ್ನು ಸ್ವಾಗತಿಸಿದರು. ಪಾಕಿಸ್ತಾನವು ಈ ಯೋಜನೆಯಿಂದ ಹೊರಗುಳಿದ ಕಾರಣ, ಮೊದಲು ಸಾರ್ಕ್ ಉಪಗ್ರಹವೆಂದು ಕರೆಸಿಕೊಂಡಿದ್ದು ಆಮೇಲೆ ಹೆಸರು ಬದಲಿಸಿಕೊಂಡಿತು.

ಈ ಪ್ರಸಂಗವು ನಮ್ಮ ವಿಚಾರಕ್ಕೆ ಒಳ್ಳೆಯ ಆರಂಭ. ಯಂತ್ರವು ಸಿದ್ಧವಾಗಿದೆ; ಅದರ ಕಣ್ಣಿಗೆ ಹಿಮಾಲಯವೂ ಸಮುದ್ರವೂ ಅಡ್ಡಿಯಲ್ಲ. ಗಡಿಯ ಮುಳ್ಳುಬೇಲಿಯು ಅಷ್ಟೆತ್ತರದಿಂದ ಕಾಣುವುದೇ ಇಲ್ಲ. ಆದರೂ ನೆರೆಯವರ ನಡುವಿನ ಸಂಶಯವು ಕರಗಲಿಲ್ಲ. ದೂರವನ್ನು ಅಳಿಸುವುದು ಒಂದು ಕೆಲಸ, ಹಗೆಯನ್ನು ಅಳಿಸುವುದು ಬೇರೆಯೇ ಕೆಲಸ. ಮೊದಲನೆಯದನ್ನು ವಿಜ್ಞಾನಿಗಳು ಮಾಡಿಕೊಟ್ಟಿದ್ದಾರೆ. ಎರಡನೆಯದು ಆ ಯಂತ್ರದಲ್ಲಿ ಮಾತನಾಡುವವರಿಗೂ ಅದನ್ನು ಆಲಿಸುವವರಿಗೂ ಸೇರಿದ್ದು.

ದಕ್ಷಿಣ ಏಷ್ಯಾದ ದೇಶಗಳು ಇದನ್ನು ಅರಿಯದೆ ಇರಲಿಲ್ಲ. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಏಳು ದೇಶಗಳು ಸೇರಿ ಸಾರ್ಕ್ ಸಂಘಟನೆಯನ್ನು ಸ್ಥಾಪಿಸಿದವು. ಅದರ ಎರಡನೆಯ ಶೃಂಗಸಭೆಯು 1986ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಮರುವರ್ಷ ಈ ದೇಶಗಳ ಆಕಾಶವಾಣಿ ಮತ್ತು ದೂರದರ್ಶನ ಸಂಸ್ಥೆಗಳ ನಡುವೆ ಕಾರ್ಯಕ್ರಮಗಳ ವಿನಿಮಯವೂ ಆರಂಭವಾಯಿತು. ಉದ್ದೇಶವು ಶ್ಲಾಘ್ಯವೇ. ಆದರೆ ಸರಕಾರವು ಒಪ್ಪಿ ಕಳುಹಿಸುವ ಕಾರ್ಯಕ್ರಮಗಳಲ್ಲಿ ನೆರೆಯವರ ಜಾನಪದ ನೃತ್ಯವೂ ಸುಂದರ ಗಿರಿಶಿಖರಗಳೂ ಕಾಣುತ್ತವೆಯೇ ಹೊರತು, ಅಲ್ಲಿಯ ರೈತನ ಸಾಲವಾಗಲಿ ನೇಕಾರನ ಕಷ್ಟವಾಗಲಿ ಕಾಣುವುದು ಅಪರೂಪ. ನೆಂಟರು ಬಂದಾಗ ಹಾಸುವ ಜಮಖಾನೆಯನ್ನು ನೋಡಿ ಒಂದು ಮನೆಯ ಸ್ಥಿತಿಯನ್ನು ತಿಳಿಯಲಾದೀತೆ?

ವಿನಿಮಯವು ಹಾಗಾದರೆ ವರದಿಗಾರಿಕೆಯ ಗತಿ ಇನ್ನೂ ಶೋಚನೀಯ. ಭಾರತ ಮತ್ತು ಪಾಕಿಸ್ತಾನಗಳು ಬಹುಕಾಲ ಪರಸ್ಪರ ರಾಜಧಾನಿಗಳಲ್ಲಿ ಬೆರಳೆಣಿಕೆಯ ವರದಿಗಾರರಿಗೆ ಮಾತ್ರ ನೆಲೆಸಲು ಅವಕಾಶ ಕೊಟ್ಟಿದ್ದವು. 2014ರ ಮೇ ತಿಂಗಳಿನಲ್ಲಿ ಇಸ್ಲಾಮಾಬಾದಿನಲ್ಲಿದ್ದ ಇಬ್ಬರು ಭಾರತೀಯ ವರದಿಗಾರರಿಗೂ ದೇಶ ಬಿಡುವಂತೆ ಅಪ್ಪಣೆಯಾಯಿತು. ನೂರು ಕೋಟಿಗೂ ಮೀರಿದ ಜನರ ಪರವಾಗಿ ನೆರೆಮನೆಯನ್ನು ನೋಡುತ್ತಿದ್ದ ಕಣ್ಣುಗಳು ಕೇವಲ ಎರಡು ಜೊತೆ, ಅವೂ ಮುಚ್ಚಿದವು. ಅತ್ತ ಸುದ್ದಿವಾಹಿನಿಗಳ ಸಂಖ್ಯೆಯು ಮಾತ್ರ ಬೆಳೆಯುತ್ತಲೇ ಇತ್ತು. ನೋಡುವವರು ಇಲ್ಲದೆಡೆ ಊಹಿಸುವವರು ಹುಟ್ಟಿಕೊಳ್ಳುತ್ತಾರೆ. ಸ್ಟುಡಿಯೋದ ತಂಪಿನಲ್ಲಿ ಕುಳಿತು ನೆರೆದೇಶದ ಬಗೆಗೆ ಅಬ್ಬರಿಸುವ ವಾಗ್ವಾದಗಳಿಗೆ ಕಾರಣವು ಬರಿಯ ದ್ವೇಷವಲ್ಲ. ಕಂಡು ಬಂದು ಹೇಳುವವರ ಅಭಾವವೂ ಅದಕ್ಕೆ ಕಾರಣ.

ನೆರೆಯವರೊಡನೆ ಮಾತನಾಡುವ ರೀತಿಯನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದವರು ಗೊಮ್ಮಟನ ಮುಖವನ್ನು ನೋಡಿ ಕೈಮುಗಿದು ಬರುತ್ತಾರೆ. ಆ ಮಹಾಮೂರ್ತಿಯ ಪಾದಗಳ ಇಕ್ಕೆಲದಲ್ಲಿ ಕೆತ್ತಿರುವ ಅಕ್ಷರಗಳನ್ನು ಗಮನಿಸುವವರು ಕಡಿಮೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗಂಗರ ಮಂತ್ರಿ ಚಾವುಂಡರಾಯನು ಇದನ್ನು ಮಾಡಿಸಿದನೆಂಬ ಒಂದೇ ವಿಷಯವನ್ನು ಅಲ್ಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮರಾಠಿಯಲ್ಲಿಯೂ, ಆಯಾ ಜನರು ಓದಬಲ್ಲ ಲಿಪಿಗಳಲ್ಲಿ, ಚುಟುಕಾಗಿ ಬರೆಯಲಾಗಿದೆ. ಮಾಡಿಸಿದವನು ಕನ್ನಡ ನಾಡಿನವನು. ಬೆಟ್ಟ ಕನ್ನಡ ನಾಡಿನದು. ಆದರೂ ಕಾವೇರಿಯ ಕೆಳಗಿನಿಂದ ಬರುವ ಯಾತ್ರಿಕನಿಗೂ ಕೃಷ್ಣೆಯ ಆಚೆಯಿಂದ ಬರುವ ಯಾತ್ರಿಕನಿಗೂ ವಿಷಯವು ಅವರವರ ನುಡಿಯಲ್ಲಿ ತಿಳಿಯಲಿ ಎಂಬ ಸೌಜನ್ಯ ಅಲ್ಲಿದೆ. ಸಾವಿರ ವರ್ಷಗಳ ಹಿಂದೆ ಶಿಲೆಯೇ ಸಮೂಹ ಮಾಧ್ಯಮವಾಗಿತ್ತು. ಅದನ್ನು ಬಳಸಿದವರು ಮೂರು ನುಡಿಯವರಿಗೆ ಮೂರು ಬೇರೆ ಬೇರೆ ವಿಷಯಗಳನ್ನು ಹೇಳಲಿಲ್ಲವೆಂಬುದನ್ನು ತಾವು ವಿಶೇಷವಾಗಿ ಗಮನಿಸಬೇಕು. ನುಡಿ ಮೂರು, ಸತ್ಯ ಒಂದೇ.

ಈ ಒಂದೇ ಸತ್ಯವೆಂಬುದು ತಪ್ಪಿದಾಗ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆಯ ನೀರೇ ನಮಗೆ ಕಲಿಸಿದೆ. ಕಾವೇರಿಯು ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಮುಂದೆ ಹರಿಯುತ್ತಾಳೆ. ಅವಳ ಉಪನದಿ ಹೇಮಾವತಿಗೆ ಗೊರೂರಿನ ಬಳಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಸುಮಾರು 37 ಟಿ.ಎಂ.ಸಿ. ಅಡಿ ನೀರನ್ನು ಅದು ಹಿಡಿದಿಡಬಲ್ಲದು. ಹೊಳೆನರಸೀಪುರವನ್ನು ಹಾದು ಹೋಗುವ ಈ ಹೊಳೆಯು ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಆದ್ದರಿಂದ ಕಾವೇರಿಯ ವಿವಾದವು ನಮಗೆ ಪತ್ರಿಕೆಯಲ್ಲಿ ಓದುವ ದೂರದ ವಿಷಯವಲ್ಲ. ನಮ್ಮ ಕಾಲುವೆಯ ತೂಬಿನ ವಿಷಯ.

1990ರ ಜೂನ್ 2ರಂದು ನ್ಯಾಯಮಂಡಳಿಯು ರಚಿತವಾಯಿತು. 1991ರ ಜೂನ್ 25ರಂದು ಅದು ಮಧ್ಯಂತರ ಆದೇಶ ನೀಡಿ, ಮೆಟ್ಟೂರು ಜಲಾಶಯಕ್ಕೆ ವರ್ಷಕ್ಕೆ 205 ಟಿ.ಎಂ.ಸಿ. ಅಡಿ ನೀರು ತಲುಪುವಂತೆ ಮಾಡಬೇಕೆಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆದೇಶವು ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದ ಕೂಡಲೇ ಬೆಂಗಳೂರು ಹೊತ್ತಿ ಉರಿಯಿತು. ತಲೆಮಾರುಗಳಿಂದ ಕೂಡಿ ಬಾಳಿದ್ದ ತಮಿಳು ಕುಟುಂಬಗಳು ಮನೆ ಬಿಟ್ಟು ಓಡಿದವು. ಗಡಿಯಾಚೆ ಕನ್ನಡಿಗರೂ ಭಯದಿಂದ ದಿನ ದೂಡಿದರು. ಆ ಕಾಲದಲ್ಲಿ ಇತ್ತಣ ಓದುಗನಿಗೆ ಪತ್ರಿಕೆಯಲ್ಲಿ ಕಂಡದ್ದು ಬತ್ತುತ್ತಿರುವ ಕನ್ನಂಬಾಡಿ. ಅತ್ತಣ ಓದುಗನಿಗೆ ಕಂಡದ್ದು ಒಣಗುತ್ತಿರುವ ತಂಜಾವೂರಿನ ಕುರುವೈ ಪೈರು. ಎರಡೂ ನಿಜವೇ. ಆದರೆ ಎರಡು ನಿಜಗಳೂ ಒಂದೇ ಪುಟದಲ್ಲಿ ಮುದ್ರಿತವಾದದ್ದು ವಿರಳ. ಅರ್ಧ ಸತ್ಯವನ್ನು ಓದಿದ ಇಬ್ಬರು ಸಜ್ಜನರೂ ಪರಸ್ಪರರನ್ನು ಅನ್ಯಾಯಗಾರರೆಂದು ಪ್ರಾಮಾಣಿಕವಾಗಿಯೇ ನಂಬಬಲ್ಲರು. ಸುಳ್ಳಿಗಿಂತಲೂ ಇದು ಹೆಚ್ಚಿನ ಅಪಾಯ. ಸುಳ್ಳು ಎಂದಾದರೊಂದು ದಿನ ಬಯಲಾಗುತ್ತದೆ. ಅರ್ಧ ಸತ್ಯವನ್ನು ಕೆದಕಿದಷ್ಟೂ ಅದು ಸತ್ಯವಾಗಿಯೇ ಕಾಣುತ್ತದೆ.

ಇಪ್ಪತ್ತೈದು ವರ್ಷಗಳ ಬಳಿಕ, 2016ರ ಸೆಪ್ಟೆಂಬರಿನಲ್ಲಿ, ಮತ್ತೆ ಅದೇ ಬೆಂಕಿ. ಈ ಸಲ ಪತ್ರಿಕೆಯು ಮರುದಿನ ಬೆಳಗ್ಗೆ ಬರುವವರೆಗೆ ಯಾರೂ ಕಾಯಬೇಕಾಗಿರಲಿಲ್ಲ. ಬೆಂಗಳೂರಿನಲ್ಲಿ ಒಬ್ಬ ತರುಣನನ್ನು ಥಳಿಸಿದ ದೃಶ್ಯವು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಚೆನ್ನೈಯಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ದಾಳಿಯಾಯಿತು. ಆ ದೃಶ್ಯವು ಇತ್ತ ಹಾರಿ ಬಂದಿತು. ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಸುಟ್ಟುಹೋದವು. ನಗರದ ಹಲವು ಭಾಗಗಳಲ್ಲಿ ಕರ್ಫ್ಯೂ ವಿಧಿಸಬೇಕಾಯಿತು. ಬೆಂಕಿ ಹಚ್ಚಿದ ಕೈ ಕೆಲವೇ ಕೆಲವು. ಆ ದೃಶ್ಯವನ್ನು ಮುಂದಕ್ಕೆ ಕಳುಹಿಸಿದ ಬೆರಳುಗಳೋ ಲೆಕ್ಕವಿಲ್ಲದಷ್ಟು. ಅವರಲ್ಲಿ ಯಾರೂ ತಮ್ಮನ್ನು ಅಪರಾಧಿಗಳೆಂದು ಎಣಿಸಿರಲಾರರು.

ಇಷ್ಟರ ನಡುವೆಯೂ ಒಂದು ಬೆಳಕಿನ ಕಿಡಿ ಇತ್ತು. 2003ರಲ್ಲಿ ಎರಡೂ ರಾಜ್ಯಗಳ ರೈತರು ಸೇರಿ ಕಾವೇರಿ ಕುಟುಂಬವೆಂಬ ಕೂಟವನ್ನು ಕಟ್ಟಿಕೊಂಡರು. ಅದರ ಹಿಂದೆ ಚೆನ್ನೈಯ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ವಿದ್ವಾಂಸರ ಶ್ರಮವಿತ್ತು. ತಮಿಳುನಾಡಿನ ರೈತರು ಇಲ್ಲಿಗೆ ಬಂದು ನಮ್ಮ ಜಲಾಶಯಗಳನ್ನು ನೋಡಿದರು. ನಮ್ಮ ರೈತರು ಅಲ್ಲಿಗೆ ಹೋಗಿ ಕಾವೇರಿಯ ಮುಖಜ ಪ್ರದೇಶದ ಗದ್ದೆಗಳಲ್ಲಿ ಕಾಲಿಟ್ಟರು. ಆ ಕೂಟವು ವಿವಾದವನ್ನು ಬಗೆಹರಿಸಲಿಲ್ಲ, ನಿಜ. ಆದರೆ ಇತರ ಯಾವ ಮಾಧ್ಯಮವೂ ಮಾಡದ ಕೆಲಸವನ್ನು ಅದು ಮಾಡಿತು. ಎದುರಾಳಿಯ ಕಷ್ಟವನ್ನು ಎದುರಾಳಿಯ ಬಾಯಿಂದಲೇ ಕೇಳುವ ಅವಕಾಶವನ್ನು ಅದು ಒದಗಿಸಿತು.

ನೀರಿನ ವ್ಯಾಜ್ಯಗಳಲ್ಲಿ ಇನ್ನೊಂದು ಪಾಠವೂ ಅಡಗಿದೆ. 2007ರ ಅಂತಿಮ ಐತೀರ್ಪಿನಲ್ಲಿ ನೀರಿನ ಪ್ರಮಾಣವನ್ನು ಗಡಿಯ ಬಿಳಿಗುಂಡ್ಲುವಿನಲ್ಲಿರುವ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರದಲ್ಲಿ ಅಳೆಯಬೇಕೆಂದು ಗೊತ್ತುಮಾಡಲಾಯಿತು. 2018ರ ಫೆಬ್ರುವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಅಲ್ಲಿ ಹರಿಯಬೇಕಾದ ಪ್ರಮಾಣವನ್ನು 192ರಿಂದ 177.25 ಟಿ.ಎಂ.ಸಿ. ಅಡಿಗೆ ಇಳಿಸಿತು. ಎಷ್ಟು ಕೊಡಬೇಕೆಂಬ ಬಗೆಗೆ ಭಿನ್ನಾಭಿಪ್ರಾಯವು ಇಂದಿಗೂ ಇರಬಹುದು. ಎಷ್ಟು ಹರಿಯಿತೆಂಬುದಕ್ಕೆ ಮಾತ್ರ ಇಬ್ಬರೂ ನೋಡಬೇಕಾದ ಅಳತೆಗಂಬವೊಂದಿದೆ. ಜಗಳವು ನ್ಯಾಯದ ದಾರಿಯಲ್ಲಿ ಸಾಗಬೇಕಾದರೆ ಇಂಥದೊಂದು ಕಂಬವು ಅತ್ಯಗತ್ಯ.

ಇದೇ ತತ್ತ್ವವನ್ನು ರಾಷ್ಟ್ರಗಳ ನಡುವೆಯೂ ಕಾಣುತ್ತೇವೆ. ಬಂಗಾಳದ ಫರಕ್ಕಾ ಬಳಿ ಭಾರತವು ಗಂಗೆಗೆ ಕಟ್ಟಿದ ಅಡ್ಡಗಟ್ಟೆಯು 1975ರಲ್ಲಿ ಕಾರ್ಯಾರಂಭ ಮಾಡಿದಂದಿನಿಂದ ಬಾಂಗ್ಲಾದೇಶಕ್ಕೂ ನಮಗೂ ಮನಸ್ತಾಪವಿತ್ತು. 1976ರ ಮೇ ತಿಂಗಳಿನಲ್ಲಿ ಅಲ್ಲಿಯ ವೃದ್ಧ ನಾಯಕ ಮೌಲಾನಾ ಭಾಶಾನಿಯವರು ಫರಕ್ಕಾದತ್ತ ಜನರ ಮಹಾಯಾತ್ರೆಯನ್ನೇ ನಡೆಸಿದರು. ಆ ಮನಸ್ತಾಪಕ್ಕೆ ಒಂದು ಮಟ್ಟಿನ ಶಮನ ದೊರೆತದ್ದು 1996ರ ಡಿಸೆಂಬರ್ 12ರ ಒಪ್ಪಂದದಿಂದ. ಬಾಂಗ್ಲಾದೇಶದ ಪರವಾಗಿ ಷೇಖ್ ಹಸೀನಾ ಅವರೂ ಭಾರತದ ಪರವಾಗಿ ಅಂದಿನ ಪ್ರಧಾನಮಂತ್ರಿಗಳಾಗಿದ್ದ ಶ್ರೀ ಎಚ್.ಡಿ. ದೇವೇಗೌಡರೂ ಅದಕ್ಕೆ ಸಹಿ ಹಾಕಿದರು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿ, ಹೇಮಾವತಿಯ ಸೀಮೆಯಲ್ಲಿ ಬೆಳೆದವರು ಗಂಗೆಯ ನೀರನ್ನು ನೆರೆಯವರೊಡನೆ ಹಂಚಿಕೊಳ್ಳುವ ಪತ್ರಕ್ಕೆ ಸಹಿ ಮಾಡಿದ್ದು ಇತಿಹಾಸದ ಒಂದು ಸ್ವಾರಸ್ಯ.

30 ವರ್ಷಗಳ ಅವಧಿಗೆಂದು ಆದ ಆ ಒಪ್ಪಂದದ ಒಳಗಣ ವ್ಯವಸ್ಥೆಯನ್ನು ತಾವು ಸ್ವಲ್ಪ ಗಮನಿಸಬೇಕು. ಪ್ರತಿವರ್ಷ ಜನವರಿ 1ರಿಂದ ಮೇ 31ರವರೆಗಿನ ಬೇಸಗೆಯ ಕಾಲವನ್ನು ಹತ್ತು ಹತ್ತು ದಿನಗಳ ಕಂತುಗಳಾಗಿ ವಿಂಗಡಿಸಲಾಯಿತು. ಫರಕ್ಕಾದಲ್ಲಿ ಹರಿವು 70,000 ಕ್ಯೂಸೆಕ್ಸ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಇಬ್ಬರಿಗೂ ಸಮಪಾಲು. 75,000ಕ್ಕೆ ಮೀರಿದರೆ ಭಾರತಕ್ಕೆ 40,000, ಉಳಿದುದು ಬಾಂಗ್ಲಾದೇಶಕ್ಕೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂ ದೇಶಗಳ ಪ್ರತಿನಿಧಿಗಳ ಜಂಟಿ ಸಮಿತಿಯು ಇತ್ತ ಫರಕ್ಕಾದಲ್ಲಿಯೂ ಅತ್ತ ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯ ಬಳಿಯೂ ದಿನದಿನದ ಹರಿವನ್ನು ಅಳೆದು ದಾಖಲಿಸಬೇಕೆಂದು ಗೊತ್ತಾಯಿತು. ಹಂಚಿಕೆಯ ಮೊದಲು ಅಳತೆ. ಅಳತೆಯ ಬಳಿ ಇಬ್ಬರ ಕಣ್ಣು.

ಸಮೂಹ ಮಾಧ್ಯಮಗಳ ಧರ್ಮವೇನೆಂಬ ಪ್ರಶ್ನೆಗೆ ಉತ್ತರವು ಇಲ್ಲಿಯೇ ದೊರೆಯುತ್ತದೆಂದು ನನ್ನ ಭಾವನೆ. ಸುದ್ದಿಯು ಎರಡು ನಾಡುಗಳ ನಡುವೆ ನೆಟ್ಟ ಅಳತೆಗಂಬದಂತಿರಬೇಕು. ಗಡಿಯ ಈಚೆಗೆ ನಿಂತು ನೋಡಿದರೂ ಆಚೆಗೆ ನಿಂತು ನೋಡಿದರೂ ಅದು ತೋರಿಸುವ ಅಂಕಿ ಒಂದೇ ಆಗಿರಬೇಕು. ಪತ್ರಿಕೆಯೊಂದು ನೆರೆಯವರ ಬಗೆಗೆ ಬರೆದುದನ್ನು ಆ ನೆರೆಯವರ ಮುಂದೆ ಹಿಡಿದರೆ, ಇದು ನಮಗೆ ಹಿತವಲ್ಲ, ಆದರೆ ನಿಜ ಎಂದು ಅವರಲ್ಲಿ ನ್ಯಾಯವಂತನು ಒಪ್ಪುವಂತಿರಬೇಕು. ಈ ಒರೆಗಲ್ಲಿಗೆ ನಿಲ್ಲುವ ಸುದ್ದಿಯು ಎಷ್ಟೇ ಕಠೋರವಾಗಿದ್ದರೂ ನೆರೆತನವನ್ನು ಕೆಡಿಸುವುದಿಲ್ಲ. ನಿಲ್ಲದ ಸುದ್ದಿಯು ಎಷ್ಟೇ ದೇಶಾಭಿಮಾನದ ಬಣ್ಣ ಬಳಿದುಕೊಂಡಿದ್ದರೂ ಅದರಿಂದ ಎರಡೂ ನಾಡಿಗೆ ಹಾನಿ.

ಈ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ಮಾಧ್ಯಮಗಳ ಕೆಲಸ ಸತ್ಯವನ್ನು ಹೇಳುವುದು, ಸ್ನೇಹವನ್ನು ಬೋಧಿಸುವುದಲ್ಲ. ನೆರೆದೇಶವು ಭಯೋತ್ಪಾದಕರನ್ನು ಕಳುಹಿಸುತ್ತಿರುವಾಗ ಸಾಮರಸ್ಯದ ಹಾಡು ಹಾಡಬೇಕೆ? ಇದು ಮೊದಲನೆಯದು. ಈ ಆಕ್ಷೇಪದಲ್ಲಿ ಹುರುಳಿದೆ. ಹುಣ್ಣನ್ನು ಮುಚ್ಚಿಟ್ಟು ಗಂಧ ಲೇಪಿಸುವ ಪತ್ರಿಕೆಯೂ ಸುಳ್ಳನ್ನೇ ಹೇಳುತ್ತದೆ. ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಿರೆಂದು ಕೇಳುವುದು ಸ್ನೇಹವನ್ನು ಬೋಧಿಸಿರೆಂದು ಕೇಳಿದಂತಲ್ಲ. ಒಂದು ಸರಕಾರದ ಅಪರಾಧವನ್ನು ಆ ದೇಶದ ಸಮಸ್ತ ಜನರ ತಲೆಗೆ ಕಟ್ಟುವುದು ಸತ್ಯವಾಗಲಾರದು. ಅಪರಾಧಿಯನ್ನು ಹೆಸರಿಟ್ಟು ಕರೆಯುವುದು ಮಾಧ್ಯಮದ ಕರ್ತವ್ಯ. ಒಂದು ಜನಾಂಗಕ್ಕೇ ಹೆಸರಿಡುವುದು ಅದರ ಅಧಿಕಾರವನ್ನು ಮೀರಿದ್ದು.

ಮಾತಿನಿಂದ ಅಷ್ಟು ಅನಾಹುತವಾದೀತೆ ಎಂಬುದು ಎರಡನೆಯ ಆಕ್ಷೇಪ. ಆಫ್ರಿಕದ ರುವಾಂಡಾ ದೇಶವು ಇದಕ್ಕೆ ಉತ್ತರ ಕೊಟ್ಟಿದೆ. 1993ರಲ್ಲಿ ಅಲ್ಲಿ ಆರಂಭವಾದ ಒಂದು ಖಾಸಗಿ ರೇಡಿಯೋ ಕೇಂದ್ರವು ಮನೋರಂಜಕ ಸಂಗೀತದ ನಡುನಡುವೆ ಟುಟ್ಸಿ ಜನರನ್ನು ಜಿರಲೆಗಳೆಂದು ಹಳಿಯುತ್ತ, ಮರುವರ್ಷ ಹತ್ಯಾಕಾಂಡ ನಡೆದಾಗ ಕೊಲ್ಲಬೇಕಾದವರ ಸುಳಿವನ್ನೂ ಸಾರುತ್ತ ಹೋಯಿತು. ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರು ಹತರಾದರೆಂದು ಅಂದಾಜು. ಕೊಂದವರಲ್ಲಿ ಬಹುಮಂದಿ ಸೈನಿಕರಲ್ಲ, ಒಂದೇ ಬಾವಿಯ ನೀರು ಸೇದುತ್ತಿದ್ದ ನೆರೆಹೊರೆಯವರು. 2003ರ ಡಿಸೆಂಬರ್ 3ರಂದು ಅರೂಷಾದ ಅಂತರರಾಷ್ಟ್ರೀಯ ನ್ಯಾಯಮಂಡಳಿಯು ಆ ಕೇಂದ್ರದ ಇಬ್ಬರು ಪ್ರಮುಖರಿಗೂ ಒಬ್ಬ ಪತ್ರಿಕಾ ಸಂಪಾದಕನಿಗೂ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಶಿಕ್ಷೆಯ ಪ್ರಮಾಣವು ತಗ್ಗಿತಾದರೂ ಅವರು ಅಪರಾಧಿಗಳಾಗಿಯೇ ಉಳಿದರು. ಕತ್ತಿ ಹಿಡಿಯದವನೂ ಕೊಲೆಗೆ ಹೊಣೆಗಾರನಾಗಬಲ್ಲನೆಂಬುದು ಆ ತೀರ್ಪಿನ ತಿರುಳು.

ಮಾತು ಕೆಡಿಸಬಲ್ಲದಾದರೆ ಕಟ್ಟಲೂ ಬಲ್ಲದು. ಎಪ್ಪತ್ತೈದು ವರ್ಷಗಳಲ್ಲಿ ಮೂರು ಬಾರಿ ಯುದ್ಧ ಮಾಡಿ ಲಕ್ಷಾಂತರ ತರುಣರನ್ನು ಬಲಿಗೊಟ್ಟ ಫ್ರಾನ್ಸ್ ಮತ್ತು ಜರ್ಮನಿಗಳು 1963ರಲ್ಲಿ ಮೈತ್ರಿಯ ಒಪ್ಪಂದ ಮಾಡಿಕೊಂಡವು. ಅಲ್ಲಿಗೆ ನಿಲ್ಲದೆ 1990ರಲ್ಲಿ ಇನ್ನೊಂದು ಒಪ್ಪಂದದ ಮೂಲಕ ಆರ್ಟೆ ಎಂಬ ಜಂಟಿ ದೂರದರ್ಶನ ವಾಹಿನಿಗೆ ಅಡಿಪಾಯ ಹಾಕಿದವು. 1992ರ ಮೇ 30ರಂದು ಅದು ಪ್ರಸಾರವನ್ನು ಆರಂಭಿಸಿತು. ಎರಡೂ ದೇಶಗಳು ಯಾವ ಊರಿಗಾಗಿ ಮತ್ತೆ ಮತ್ತೆ ಕಾದಾಡಿದ್ದವೋ ಆ ಸ್ಟ್ರಾಸ್‌ಬರ್ಗ್ ನಗರದಲ್ಲಿಯೇ ಅದರ ಕೇಂದ್ರ ಕಚೇರಿ. ಒಂದೇ ಕಾರ್ಯಕ್ರಮವು ಎರಡು ಭಾಷೆಗಳಲ್ಲಿ ಎರಡು ದೇಶಗಳ ಮನೆಗಳನ್ನು ಏಕಕಾಲದಲ್ಲಿ ತಲುಪುತ್ತದೆ. ಇವರಿಗೊಂದು ಅವರಿಗೊಂದು ಹೇಳಲು ಅಲ್ಲಿ ಆಸ್ಪದವೇ ಇಲ್ಲ. ಶ್ರವಣಬೆಳಗೊಳದ ಶಿಲೆಯು ಹೇಳಿದ ನೀತಿಯನ್ನು ಅವರು ವಿದ್ಯುತ್ತಿನಲ್ಲಿ ಬರೆದರು.

ನಮ್ಮ ಉಪಖಂಡದಲ್ಲಿಯೂ ಇಂತಹ ಪ್ರಯತ್ನಗಳು ನಡೆಯದೆ ಇಲ್ಲ. 1987ರಲ್ಲಿ ಕಾಠ್ಮಂಡುವಿನಲ್ಲಿ ಹುಟ್ಟಿದ ಹಿಮಾಲ್ ಪತ್ರಿಕೆಯು 1996ರಿಂದ ಇಡೀ ದಕ್ಷಿಣ ಏಷ್ಯಾದ ಪತ್ರಿಕೆಯಾಗಿ, ಎಲ್ಲ ದೇಶಗಳ ಲೇಖಕರಿಗೂ ತನ್ನ ಪುಟಗಳನ್ನು ತೆರೆಯಿತು. ಶ್ರೀಲಂಕಾವು ಮೇಲಕ್ಕೂ ಹಿಮಾಲಯವು ಕೆಳಕ್ಕೂ ಬರುವಂತೆ ತಿರುಗಿಸಿ ಮುದ್ರಿಸಿದ ಅದರ ಭೂಪಟವು ಪ್ರಸಿದ್ಧವಾಯಿತು. ಆ ಪಟದಲ್ಲಿ ನೆಲವು ಒಂದಂಗುಲವೂ ಬದಲಾಗಿಲ್ಲ, ನೋಡುವ ದಿಕ್ಕು ಮಾತ್ರ ಬದಲಾಗಿದೆ. ಆದರೂ ನೋಡಿದೊಡನೆ ಮನಸ್ಸು ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ನೆರೆಯವರಿಗೆ ನಾವು ಹೇಗೆ ಕಾಣುತ್ತೇವೆಂಬ ಪ್ರಶ್ನೆ ಆಗ ಹುಟ್ಟುತ್ತದೆ. ಆ ಪ್ರಶ್ನೆಯನ್ನು ಹುಟ್ಟಿಸುವುದೂ ಮಾಧ್ಯಮದ ಒಂದು ಸೇವೆಯೇ. ಕಾಠ್ಮಂಡುವಿನಲ್ಲಿ ಕೆಲಸ ಮುಂದುವರಿಸಲು ಅಡ್ಡಿಗಳು ಬಂದು 2016ರಲ್ಲಿ ನಿಂತುಹೋದ ಆ ಪತ್ರಿಕೆಯು 2018ರಲ್ಲಿ ಕೊಲಂಬೋದಿಂದ ಮತ್ತೆ ಹೊರಟಿತು.

ಕೊಲಂಬೋ ಎಂದೊಡನೆ ಹಿರಿಯ ವಾಚಕರಿಗೆ ರೇಡಿಯೋ ಸಿಲೋನ್ ನೆನಪಾಗದಿರದು. 1952ರ ಸುಮಾರಿಗೆ ಆಕಾಶವಾಣಿಯು ಚಿತ್ರಗೀತೆಗಳನ್ನು ದೂರವಿಟ್ಟಿತು. ಜನರು ತಮ್ಮ ರೇಡಿಯೋದ ಮುಳ್ಳನ್ನು ಸಮುದ್ರದಾಚೆಗೆ ತಿರುಗಿಸಿದರು. ಬಿನಾಕಾ ಗೀತಮಾಲಾ ಕೇಳಲು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಮನೆಮನೆಯಲ್ಲಿ ಕಿವಿಗಳು ಕಾದಿರುತ್ತಿದ್ದವು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಸರಕಾರಗಳು ಒಪ್ಪಂದ ಮಾಡಿಕೊಳ್ಳದೆಯೇ ಒಂದು ಚಿಕ್ಕ ದ್ವೀಪದ ಹೆಸರು ನಮ್ಮವರ ಬಾಯಲ್ಲಿ ಅಕ್ಕರೆಯ ಮಾತಾಯಿತು. ಆದರೆ ಆ ಅಕ್ಕರೆಗೂ ಒಂದು ಮಿತಿಯಿತ್ತು. ಕೊಲಂಬೋದಿಂದ ಬಂದದ್ದು ನಮ್ಮದೇ ಹಾಡು. ಸಿಂಹಳದ ಹಾಡನ್ನಾಗಲಿ ಆ ನಾಡಿನ ಅಳಲನ್ನಾಗಲಿ ನಾವು ಕೇಳಲಿಲ್ಲ. ಹೀಗಾಗಿ 1983ರಲ್ಲಿ ಆ ದ್ವೀಪವು ಹಿಂಸೆಯಲ್ಲಿ ಮುಳುಗಿದಾಗ, ಮೂವತ್ತು ವರ್ಷ ಅದರ ಧ್ವನಿಯನ್ನು ಕೇಳಿದ್ದ ನಮ್ಮಲ್ಲಿ ಬಹುಮಂದಿಗೆ ಅಲ್ಲಿಯ ಬೇಗುದಿಯ ಕಾರಣವೇ ತಿಳಿದಿರಲಿಲ್ಲ. ಕಿವಿ ಕೊಡುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ.

ಇಲ್ಲಿಗೆ ನಾವು ಎರಡನೆಯ ಪ್ರಶ್ನೆಗೆ ಬಂದೆವು. ಕೇಳುವವರಾದ, ಓದುವವರಾದ ನಮ್ಮ ಧರ್ಮವೇನು? ಕೊಳ್ಳುವವರಿಲ್ಲದ ಸರಕನ್ನು ಯಾವ ವ್ಯಾಪಾರಿಯೂ ಅಂಗಡಿಯಲ್ಲಿ ಇಡುವುದಿಲ್ಲ. ಅಬ್ಬರದ ಸುದ್ದಿಗೆ ಹೆಚ್ಚು ಜನ ನೆರೆಯುವವರೆಗೆ ಅಬ್ಬರವೇ ಮಾರಾಟವಾಗುವುದು. ಮಾಧ್ಯಮಗಳನ್ನು ಹಳಿಯುವುದು ಸುಲಭ. ಅವು ಉಣ್ಣುವ ಕಾಳು ನಮ್ಮ ಕಣಜದಿಂದಲೇ ಹೋಗುತ್ತದೆಂಬುದನ್ನು ಒಪ್ಪುವುದು ಕಷ್ಟ. ಹಿಂದೆ ಸುದ್ದಿಯನ್ನು ಹರಡುವವರು ಕೆಲವರು, ಓದುವವರು ಬಹುಮಂದಿ. ಇಂದು ಮೊಬೈಲು ಹಿಡಿದ ಪ್ರತಿಯೊಬ್ಬನೂ ಸಂಪಾದಕನೇ, ಪ್ರಸಾರಕನೇ. ಆದ್ದರಿಂದ ಸಂಪಾದಕನ ಧರ್ಮವು ಈಗ ಪ್ರತಿಯೊಬ್ಬನ ಹೆಗಲ ಮೇಲೂ ಬಿದ್ದಿದೆ. ನೆರೆಯ ನಾಡಿನವರ ಬಗೆಗೆ ಕೋಪವನ್ನು ಕೆರಳಿಸುವ ಚಿತ್ರವೊಂದು ಕೈಗೆ ಬಂದಾಗ, ಇದು ಎಲ್ಲಿಯದು, ಎಂದಿನದು, ಯಾರು ಕಂಡದ್ದು ಎಂದು ಮೂರು ಪ್ರಶ್ನೆ ಕೇಳುವಷ್ಟು ತಾಳ್ಮೆ ನಮಗಿರಬೇಕು. ಉತ್ತರ ಸಿಗದಿದ್ದರೆ ಆ ಚಿತ್ರವು ನಮ್ಮಲ್ಲಿಯೇ ಉಳಿಯಬೇಕು. ಮನೆಗೆ ಬಂದ ವಿಷವನ್ನು ನೆರೆಮನೆಗೆ ದಾಟಿಸದಿರುವುದು ದೊಡ್ಡ ಪುಣ್ಯವೇನೂ ಅಲ್ಲ, ಕನಿಷ್ಠ ಮರ್ಯಾದೆ.

ಮಠದ ಪ್ರಸಾದನಿಲಯದಲ್ಲಿ ಓದಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ವಿಶೇಷ ಅನುಕೂಲವುಂಟು. ತಮ್ಮಲ್ಲಿ ಅನೇಕರು ಚೆನ್ನೈ, ಹೈದರಾಬಾದು, ಪುಣೆಗಳಲ್ಲಿ ನೆಲೆಸಿದ್ದೀರಿ. ಕೆಲವರು ಕೊಲ್ಲಿಯ ದೇಶಗಳಲ್ಲಿ ಬಾಂಗ್ಲಾದೇಶದವರ, ಪಾಕಿಸ್ತಾನದವರ, ನೇಪಾಳಿಗಳ ಪಕ್ಕದ ಮೇಜಿನಲ್ಲಿಯೇ ಕುಳಿತು ದುಡಿಯುತ್ತಿದ್ದೀರಿ. ರಾಜಧಾನಿಗಳಿಂದ ಹೊರದೂಡಲ್ಪಟ್ಟ ವರದಿಗಾರನ ಸ್ಥಾನವು ಒಂದು ರೀತಿಯಲ್ಲಿ ತಮ್ಮದಾಗಿದೆ. ಊರಿಗೆ ಬಂದಾಗ, ಊರಿನವರಿಗೆ ಬರೆಯುವಾಗ, ಅಲ್ಲಿ ಕಂಡ ಮನುಷ್ಯರನ್ನು ಕಂಡಂತೆಯೇ ಹೇಳಿರಿ. ಅವರ ಒಳ್ಳೆಯತನವನ್ನೂ ಹೇಳಿರಿ, ದೋಷವನ್ನೂ ಹೇಳಿರಿ. ಕಾಶ್ಮೀರದಿಂದ, ಅಫ್ಘಾನದ ನೆಲದಿಂದ ಸಾಧಕರು ಕಲ್ಯಾಣಕ್ಕೆ ಬಂದು ಕನ್ನಡದವರಾಗಿ ಬಾಳಿದರೆಂದು ನಮ್ಮ ಪರಂಪರೆಯು ಹೇಳುತ್ತದೆ. ಹೊರಗಿನವರ ಮಾತಿಗೆ ಮಂಟಪದಲ್ಲಿ ಸ್ಥಾನವಿದ್ದ ನಾಡಿನಲ್ಲಿ ಹುಟ್ಟಿದವರಿಗೆ ಇದು ಹೊಸ ಪಾಠವಾಗಬೇಕಿಲ್ಲ.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವೊಂದನ್ನು ಆರಂಭಿಸಿದರು. ಅದು ಹೊತ್ತ ಆಕಾಶವಾಣಿ ಎಂಬ ಹೆಸರು ಮುಂದೆ ಇಡೀ ಭಾರತದ ರೇಡಿಯೋಗೆ ಸಂದಿತು. ಪುರಾಣಗಳಲ್ಲಿ ಆಕಾಶವಾಣಿಯಾಗುವುದು ಯಾರ ಪರವಾಗಿಯೂ ಅಲ್ಲ. ಅರಸನಿಗೆ ಅಪ್ರಿಯವಾದುದನ್ನೂ ಅದು ನುಡಿಯುತ್ತದೆ, ಎರಡು ಪಕ್ಷದವರಿಗೂ ಅದು ಒಂದೇ ತೆರನಾಗಿ ಕೇಳಿಸುತ್ತದೆ. ನಮ್ಮ ನಾಡಿನಿಂದ ಹೋದ ಆ ಹೆಸರು ಮಾಧ್ಯಮಗಳಿಗೆ ತಕ್ಕುದಾಗುವಂತೆ ನೋಡಿಕೊಳ್ಳುವ ಹೊಣೆಯಲ್ಲಿ ಬರೆಯುವವರಿಗೆ ಎಷ್ಟು ಪಾಲುಂಟೋ ಓದುವ, ಕೇಳುವ ತಮಗೂ ಅಷ್ಟೇ ಪಾಲುಂಟು.